ಹೊಸ ಟೈರ್ ಪಳಗುವವರೆಗೆ: ಮೈಸೂರಿನಿಂದ ಕರಿ ಟ್ರ್ಯಾಕಿನವರೆಗಿನ ಕೆಲಸದ ದಾಖಲೆ

ಗಾಡಿ 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಕಾರು, 1.2 ಲೀಟರ್ ಟರ್ಬೊ ಪೆಟ್ರೋಲ್. ಕೆಲಸ: ಫೆಬ್ರವರಿಯ ಮೊದಲ ವಾರಾಂತ್ಯದೊಳಗೆ ನಾಲ್ಕು ಹೊಸ ಟೈರ್‌ಗಳನ್ನು ಟ್ರ್ಯಾಕಿಗೆ ಸಿದ್ಧ ಮಾಡುವುದು. ಟ್ರ್ಯಾಕ್ ಎಂದರೆ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟರ್ ಸ್ಪೀಡ್‌ವೇ. ರೇಸ್ ಕಾರು ಓಡಿಸುತ್ತಿದ್ದ, ಕಟ್ಟುತ್ತಿದ್ದ ಎಸ್. ಕರಿವರ್ಧನ್ ಅವರ ಹೆಸರಿನ, ಸುಮಾರು 2.1 ಕಿ.ಮೀ. ಸುತ್ತಳತೆಯ ಜಾಗ. ಮೈಸೂರಿನವರಿಗೆ ಕೈಗೆಟಕುವ ಟ್ರ್ಯಾಕ್ ಎಂದರೆ ಅದೇ.

ಹೊಸ ಟೈರನ್ನು ಅಂಗಡಿಯಿಂದ ನೇರವಾಗಿ ಟ್ರ್ಯಾಕಿಗೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ಹಿಂದಿನ ಟೈರ್‌ಗಳಲ್ಲಿ ಕಂಡಿದ್ದೆ. ಮುಂದಿನ ಎರಡರ ಹೊರ ಅಂಚಿನಲ್ಲಿ ರಬ್ಬರ್ ತುಂಡುತುಂಡಾಗಿ ಕಿತ್ತುಬಂದಿತ್ತು. ಆದ್ದರಿಂದ ಈ ಸಲ ಪ್ರತಿ ಹಂತವನ್ನೂ ಅಳೆದು ಬರೆದಿಟ್ಟೆ. ಹೆಚ್ಚು ಹೊತ್ತು ತಿಂದದ್ದು ಟೈರ್ ಅಲ್ಲವೇ ಅಲ್ಲ. ಅಂಗಡಿಯಲ್ಲಿ ಆದ ಕೆಲಸವನ್ನು ಬಿಚ್ಚಿ ಮತ್ತೆ ಮಾಡಿಸುವುದು ಒಂದು, ಅಳೆಯುವ ಸಾಧನ ಹೇಳುವುದು ನಿಜವೇ ಎಂದು ಪರೀಕ್ಷಿಸುವುದು ಇನ್ನೊಂದು.

ಆಯ್ಕೆ

ಕಾರ್ಖಾನೆಯ ಅಳತೆ 185/60 ಆರ್15. ನಾನು ತೆಗೆದುಕೊಂಡದ್ದು 195/55 ಆರ್15, 85ವಿ. ಮೊದಲ ಅಂಕಿ ಮಿ.ಮೀ.ಯಲ್ಲಿ ಅಗಲ, ಎರಡನೆಯದು ಪಕ್ಕದ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, 15 ಎಂದರೆ ರಿಮ್‌ನ ಇಂಚು. ಲೆಕ್ಕ ಹಾಕಿದರೆ ಹಳೆಯದರ ವ್ಯಾಸ 603 ಮಿ.ಮೀ., ಹೊಸದರದು 595.5. ವ್ಯತ್ಯಾಸ ಶೇಕಡಾ 1.2ರಷ್ಟು, ಯಾವುದಕ್ಕೂ ತಾಗುವುದಿಲ್ಲ. 85 ಎಂದರೆ ಒಂದು ಟೈರ್ 515 ಕಿಲೊ ಹೊರುತ್ತದೆ, ವಿ ಎಂದರೆ ಗಂಟೆಗೆ 240 ಕಿ.ಮೀ. ವೇಗದವರೆಗೆ ಸಮ್ಮತಿ. ಎರಡೂ ಈ ಗಾಡಿಗೆ ಧಾರಾಳ.

ಅರ್ಧ ರೇಸ್ ಟೈರ್ ಎನ್ನಬಹುದಾದ ಜಾತಿಯನ್ನು ಹುಡುಕಲು ಹೋಗಿ ಕೈಬಿಟ್ಟೆ. 2020ರ ಜೂನ್‌ನಲ್ಲಿ ಹೊಸ ಟೈರ್‌ಗಳ ಆಮದಿಗೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಿದ ಮೇಲೆ 15 ಇಂಚಿನಲ್ಲಿ ಅಂಥವು ಸಿಗುವುದು ಕಷ್ಟ. ಸಿಕ್ಕಿದರೂ ಐಎಸ್‌ಐ ಗುರುತಿಲ್ಲದ್ದನ್ನು ರಸ್ತೆಯ ಮೇಲೆ ಓಡಿಸುವ ಮನಸ್ಸಿರಲಿಲ್ಲ. ಕೊನೆಗೆ ಟ್ರೆಡ್‌ವೇರ್ (ಸವೆತದ ಅಂಕ, ಕಡಿಮೆಯಾದಷ್ಟೂ ಬೇಗ ಸವೆಯುತ್ತದೆ) 220 ಎಂದು ಅಚ್ಚಾಗಿರುವ, ರಸ್ತೆಗೂ ನಡೆಯುವ ಟೈರ್. ಒಂದಕ್ಕೆ 7,400 ರೂ., ನಾಲ್ಕಕ್ಕೆ 29,600. ಬ್ರ್ಯಾಂಡ್ ಬರೆಯುವುದಿಲ್ಲ. ಬರೆದರೆ ಓದುವವರು ಉಳಿದದ್ದನ್ನೆಲ್ಲ ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತಾರೆ.

ರಿಮ್ ಬೇರೆ ಜೊತೆ ಬೇಕಿತ್ತು. ದಿಂಬಂ ಘಾಟಿಯ 27 ತಿರುವುಗಳಲ್ಲಿ ಈ ಟೈರ್ ಸವೆಸುವ ಆಸೆ ನನಗಿಲ್ಲ. ಹೋಗಿಬರುವುದು ಹಳೆಯ ಟೈರ್‌ನಲ್ಲಿ, ಹೊಸವು ಗಾಡಿಯ ಒಳಗೆ. 15 ಇಂಚಿನ, 6 ಇಂಚು ಅಗಲದ ಹಳೆಯ ಅಲಾಯ್ ರಿಮ್‌ಗಳು 16,000ಕ್ಕೆ ಸಿಕ್ಕವು. ಐದು ಬೋಲ್ಟ್, 100 ಮಿ.ಮೀ. ವೃತ್ತ, ನಡುವಿನ ರಂಧ್ರ 57.1 ಮಿ.ಮೀ. ಈ ಕೊನೆಯ ಅಂಕಿಯನ್ನು ವರ್ನಿಯರ್ ಇಟ್ಟು ನೋಡಿಯೇ ಕೊಳ್ಳಬೇಕು. ರಂಧ್ರ ದೊಡ್ಡದಾಗಿದ್ದರೆ ಚಕ್ರ ನಡುವಿಗೆ ಕೂರದೆ ನಡುಗುತ್ತದೆ, ಆಮೇಲೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಪ್ರಯೋಜನವಿಲ್ಲ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಯಲ್ಲಿ ಡಯಲ್ ಗೇಜ್ ಇಟ್ಟು ರಿಮ್‌ಗಳನ್ನು ತಿರುಗಿಸಿ ನೋಡಿದೆವು. ಎರಡರಲ್ಲಿ ಪಕ್ಕದ ಓಲಾಟ 0.4 ಮಿ.ಮೀ.ಗಿಂತ ಕಡಿಮೆ. ಉಳಿದ ಎರಡರಲ್ಲಿ 1.1 ಮತ್ತು 1.6. ಅವೆರಡನ್ನೂ ನೇರ ಮಾಡಿಸಿದ್ದಕ್ಕೆ 1,800 ರೂ. ಆ ಮೇಲೆ ಎರಡೂ ಅರ್ಧ ಮಿ.ಮೀ.ಯೊಳಗೆ ಬಂದವು. ಅವನ್ನು ಹಿಂದಕ್ಕೆ ಎಂದು ಗುರುತು ಹಾಕಿದೆ.

ಜನವರಿ 4

ಟೈರ್ ಬಂದವು. ಮೊದಲು ನೋಡಬೇಕಾದದ್ದು ಪಕ್ಕದ ಮೇಲಿನ ನಾಲ್ಕು ಅಂಕಿ. ಮೂರರ ಮೇಲೆ 3824, ಅಂದರೆ 2024ರ 38ನೇ ವಾರ. ನಾಲ್ಕನೆಯದರ ಮೇಲೆ 0923. ಉಳಿದವಕ್ಕಿಂತ ಒಂದೂವರೆ ವರ್ಷ ಹಳೆಯದು. ‘ಗೋದಾಮಿನಲ್ಲೇ ಇತ್ತಲ್ಲ ಸಾರ್, ಏನೂ ಆಗುವುದಿಲ್ಲ’ ಎಂದು ಅಂಗಡಿಯವರ ಉತ್ತರ. ರಸ್ತೆಗಾದರೆ ಬಹುಶಃ ಏನೂ ಆಗುವುದಿಲ್ಲ. ಆದರೆ ಮೂರು ಒಂದು ಗಡಸು, ಒಂದು ಇನ್ನೊಂದು ಗಡಸು ಇದ್ದರೆ ಆಮೇಲೆ ತೆಗೆಯುವ ಅಳತೆಗಳಿಗೆ ಅರ್ಥವೇ ಇರುವುದಿಲ್ಲ. ವಾಪಸ್ ಕಳಿಸಿದೆ. ಬದಲಿ ಟೈರ್ ಬರಲು ಕೆಲವು ದಿನ ಹಿಡಿಯಿತು, ಅದೂ 3824ರದೇ.

ನಮ್ಮ ಬೀದಿಯಲ್ಲಿ ವಿಕ್ರಾಂತ್ ಟೈರ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. 1997ರಲ್ಲಿ ಅದು ಜೆ.ಕೆ. ಟೈರ್ ಕೈಗೆ ಹೋದ ಮೇಲೂ ಅವರ ಬಾಯಲ್ಲಿ ಅದು ‘ವಿಕ್ರಾಂತ್’ ಆಗಿಯೇ ಉಳಿದಿದೆ. ಟೈರನ್ನು ಉರುಳಿಸಿ, ಬೆರಳಾಡಿಸಿ ಅವರು ಹೇಳಿದ್ದು ಎರಡು ಮಾತು. ಅಚ್ಚಿನಿಂದ ಸಲೀಸಾಗಿ ಬಿಟ್ಟುಕೊಳ್ಳಲು ಹಾಕಿದ ಜಾರುವ ಲೇಪ ಮೇಲ್ಮೈಯಲ್ಲಿ ಇನ್ನೂ ಇರುತ್ತದೆ, ಅದು ಸವೆಯುವವರೆಗೆ ಹಿಡಿತ ನಂಬಬೇಡ. ಮನೆಯ ನೀರಿನ ಮೋಟರ್ ಪಕ್ಕದಲ್ಲಿ ಟೈರ್ ಇಡಬೇಡ, ಅದರ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ನಾನು ಇಟ್ಟಿದ್ದುದು ಸರಿಯಾಗಿ ಅಲ್ಲೇ. ಸಂಜೆಯೇ ಮಹಡಿಗೆ ಸಾಗಿಸಿದೆ.

ಜನವರಿ 7: ಟ್ರೆಡ್ ತೆಳು ಮಾಡುವ ಪ್ರಯತ್ನ, ವಿಫಲ

ಹೊಸ ಟೈರ್‌ನ ಟ್ರೆಡ್, ಅಂದರೆ ನೆಲ ಮುಟ್ಟುವ, ಸೀಳುಗಳಿರುವ ರಬ್ಬರ್, 7.8 ಮಿ.ಮೀ. ಇತ್ತು. ಅಷ್ಟು ಎತ್ತರದ ರಬ್ಬರ್ ತುಂಡುಗಳು ತಿರುವಿನಲ್ಲಿ ಬಾಗಿ, ಬಿಸಿಯಾಗಿ, ಅಂಚಿನಿಂದ ಹರಿಯುತ್ತವೆ. ಹೊರದೇಶಗಳಲ್ಲಿ ಟೈರನ್ನು ತಿರುಗಿಸಿ ಅಲಗಿನಿಂದ ಅರ್ಧದಷ್ಟು ಹೆರೆದು ಕೊಡುವ ಯಂತ್ರಗಳಿವೆ. ಮೈಸೂರಿನಲ್ಲಿ ಅದಕ್ಕೆ ಹತ್ತಿರವಾದದ್ದು ಲಾರಿ ಟೈರ್‌ಗಳಿಗೆ ಹೊಸ ಟ್ರೆಡ್ ಅಂಟಿಸುವವರ ಬಫಿಂಗ್ ಯಂತ್ರ.

ಒಂದು ರೀಟ್ರೆಡಿಂಗ್ ಘಟಕಕ್ಕೆ ಟೈರ್ ಹೊತ್ತುಕೊಂಡು ಹೋದೆ. ಹೊಸ ಟೈರನ್ನು ಹೆರೆಯಿರಿ ಎಂದು ಕೇಳಿದವರನ್ನು ಅವರು ಅದುವರೆಗೆ ನೋಡಿರಲಿಲ್ಲ. ನಕ್ಕರು, ಆದರೂ ಪ್ರಯತ್ನಿಸಲು ಒಪ್ಪಿದರು. ಟೈರನ್ನು ಒಳಗಿನಿಂದ ಅಗಲಿಸಿ ಹಿಡಿಯುವ ಅವರ ಹಬ್ ಲಾರಿ ಅಳತೆಗೆ ಮಾಡಿದ್ದು, 15 ಇಂಚಿನ ಕಾರಿನ ಟೈರ್ ಅದರ ಮೇಲೆ ಕೂರಲೇ ಇಲ್ಲ. ಕೂತಿದ್ದರೂ ನನಗೆ ಬೇಕಾದದ್ದು ಸಿಗುತ್ತಿರಲಿಲ್ಲ. ಆ ಯಂತ್ರ ರಬ್ಬರನ್ನು ಕೊಯ್ಯುವುದಿಲ್ಲ, ಮುಳ್ಳಿನಂಥ ಹಲ್ಲುಗಳಿಂದ ಕೆರೆದು ಅಂಟು ಹಿಡಿಯಲೆಂದು ಮೇಲ್ಮೈಯನ್ನು ಒರಟು ಮಾಡುತ್ತದೆ. ಚಹಾ ಕುಡಿಸಿ ಕಳಿಸಿದರು. ಖರ್ಚು ಸೊನ್ನೆ.

ಹಾಗಾಗಿ ಪೂರ್ತಿ ಟ್ರೆಡ್‌ನಲ್ಲೇ ಹೋಗುವುದೆಂದೂ, ಟ್ರ್ಯಾಕಿನಲ್ಲಿ ಒಮ್ಮೆಗೆ 15 ನಿಮಿಷಕ್ಕಿಂತ ಹೆಚ್ಚು ಓಡಿಸುವುದಿಲ್ಲವೆಂದೂ ತೀರ್ಮಾನಿಸಿದೆ.

ಜನವರಿ 11: ರಿಮ್‌ಗೆ ಹಾಕಿಸಿದ್ದು

ಅಂಗಡಿಗೆ ಹೋಗುವ ಮೊದಲು ರಿಮ್‌ನ ಒಳ ಅಂಚನ್ನು ತಂತಿ ಬ್ರಷ್‌ನಿಂದ ಉಜ್ಜಿ ಸ್ಪಿರಿಟ್‌ನಿಂದ ಒರೆಸಿದ್ದೆ. ರಬ್ಬರ್ ವಾಲ್ವ್ ಬದಲು ಲೋಹದ ವಾಲ್ವ್, ಒಂದಕ್ಕೆ 150ರಂತೆ 600 ರೂ. ಟೈರ್ ಮೇಲಿನ ಹಳದಿ ಚುಕ್ಕೆ ಅದರ ಹಗುರ ಭಾಗ, ಅದು ವಾಲ್ವ್ ಪಕ್ಕಕ್ಕೇ ಬರಬೇಕು. ಕಂಪ್ರೆಸರ್ ಟ್ಯಾಂಕಿನ ತಳದ ನೀರು ಬಿಡಿಸಿ ಎಂದು ಕೇಳಿದೆ. ತಿರುಪು ತೆಗೆದಾಗ ಅರ್ಧ ಲೋಟದಷ್ಟು ಕಂದು ನೀರು ಬಂತು. ಅದು ಟೈರ್ ಒಳಗೆ ಹೋಗಿದ್ದರೆ ಬಿಸಿಯಾದಾಗ ಒತ್ತಡ ಎಲ್ಲಿಗೆ ಏರುತ್ತಿತ್ತೋ! ನೈಟ್ರೋಜನ್ ಹಾಕಿಸಿ ಎಂದು ಒತ್ತಾಯಿಸಿದರು, ಬೇಡವೆಂದೆ. ಗಾಳಿಯಲ್ಲಿ ಶೇಕಡಾ 78ರಷ್ಟು ಅದೇ ಇದೆ. ಬೇಕಾದದ್ದು ಒಣ ಗಾಳಿ, ಅಷ್ಟೇ.

ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕಗಳು. ಟ್ರ್ಯಾಕಿನಲ್ಲಿ ಬ್ರೇಕ್ ಕಾವಿಗೆ ಆ ಅಂಟು ಕರಗಿ ತೂಕ ಹಾರಿಹೋಗುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿ, ಚಮಚದ ಬೆನ್ನಿನಿಂದ ಒತ್ತಿ ಕೂರಿಸಿದೆ. ಹಾಕಿ ಬ್ಯಾಲೆನ್ಸ್ ಮಾಡಿದ್ದಕ್ಕೆ 1,600 ರೂ.

ಗಾಡಿಗೆ ಚಕ್ರ ಹಾಕುವ ಕೆಲಸವನ್ನು ಮನೆಯಲ್ಲೇ ಮಾಡುತ್ತೇನೆ ಎಂದು ಹೇಳುವಷ್ಟರಲ್ಲಿ ಹುಡುಗ ಗಾಳಿ ಗನ್ ಹಿಡಿದು ಬೋಲ್ಟ್‌ಗಳನ್ನೆಲ್ಲ ಬಿಗಿದಾಗಿತ್ತು.

ಜನವರಿ 12: ಬಿಚ್ಚಿ ನೋಡಿದ್ದು

ಪೋಲೊದ ಚಕ್ರದ ಬೋಲ್ಟ್‌ಗೆ ಬೇಕಾದ ಬಿಗಿ 120 ನ್ಯೂಟನ್ ಮೀಟರ್. ಗನ್ ಬಿಗಿದ ಬೋಲ್ಟ್‌ಗಳಲ್ಲಿ ಎರಡು, ಪಾನಾಕ್ಕೆ ಮೂರಡಿ ಪೈಪ್ ಹಾಕಿ ಮೇಲೆ ನಿಂತರೂ ಕದಲಲಿಲ್ಲ. ಒಂದು ಕೊನೆಗೆ ಕಿರುಗುಟ್ಟಿ ಬಿಟ್ಟುಕೊಂಡಿತು, ಇನ್ನೊಂದರ ತಲೆಯ ಮೂಲೆಗಳು ದುಂಡಾಗಿ ಬೇರೆಯದೇ ಸಾಕೆಟ್ ಹೊಡೆದು ತೆಗೆಯಬೇಕಾಯಿತು. ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚ್ ಕೊಂಡೆ, 3,200 ರೂ. ಈ ಪಟ್ಟಿಯಲ್ಲಿ ಟೈರ್‌ಗಿಂತ ಮೊದಲು ಕೊಳ್ಳಬೇಕಾದ ವಸ್ತು ಇದೇ. ಹಬ್‌ನ ಮುಖದ ತುಕ್ಕನ್ನು ಉಜ್ಜಿ, ಚಕ್ರ ಗಾಳಿಯಲ್ಲಿರುವಾಗಲೇ ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗಿಸಿ, ನೆಲಕ್ಕೆ ತಾಗಿಸಿದ ಮೇಲೆ ಎದುರುಬದುರಾಗಿ ಎರಡು ಹಂತದಲ್ಲಿ ಬಿಗಿಯುವುದು: ಮೊದಲು 60, ಆಮೇಲೆ 120.

ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಈ ಟೈರ್‌ಗೆ ಒಳಮುಖ, ಹೊರಮುಖ ಎಂದಿದೆ, ‘ಔಟ್‌ಸೈಡ್’ ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಮುಂದಿನ ಬಲ ಚಕ್ರದಲ್ಲಿ ಆ ಅಕ್ಷರಗಳು ಗಾಡಿಯ ಒಳಗಡೆಗೆ ಮುಖ ಮಾಡಿದ್ದವು. ತಿರುವಿನಲ್ಲಿ ಭಾರ ಹೊರಬೇಕಾದ ದಪ್ಪ ತುಂಡುಗಳು ಒಳಗೆ, ನೀರು ಹರಿಸುವ ಸೀಳುಗಳು ಹೊರಗೆ. ಅದೇ ಅಂಗಡಿಗೆ ಹೋಗಿ ತಿರುಗಿಸಿ ಹಾಕಿಸಿದೆ. ದುಡ್ಡು ಕೇಳಲಿಲ್ಲ, ಬೇಸರವನ್ನಂತೂ ಮುಚ್ಚಿಡಲಿಲ್ಲ. ಈ ಒಂದು ಟೈರ್ ಮುಂದೆ ಮತ್ತೆ ಬರುತ್ತದೆ.

ಎಲ್ಲ ಮುಗಿದ ಮೇಲೆ ಪ್ರತಿ ಚಕ್ರದಲ್ಲೂ ಟೈರ್‌ನಿಂದ ರಿಮ್‌ಗೆ ದಾಟುವಂತೆ ಹಳದಿ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆದೆ. ಟೈರ್ ರಿಮ್ ಮೇಲೆ ಜಾರಿದರೆ ಗೆರೆ ಮುರಿಯುತ್ತದೆ. ಎರಡು ನಿಮಿಷದ ಕೆಲಸ.

ಗಾಳಿ ಅಳೆಯುವ ಗೇಜ್

ಒಂದೇ ಬೆಳಿಗ್ಗೆ, ತಣ್ಣಗಿನ ಒಂದೇ ಟೈರ್. ಒಂದು ಬಂಕ್‌ನ ಯಂತ್ರ 32 ಎಂದಿತು, ಇನ್ನೊಂದು ಬಂಕ್‌ನದು 35, ನನ್ನ ಹಳೆಯ ಕಡ್ಡಿ ಗೇಜ್ 30. ಟ್ರ್ಯಾಕಿನಲ್ಲಿ ನಾನು ಸರಿಪಡಿಸಲು ಹೊರಟಿರುವುದು ಒಂದೂವರೆ ಪಿಎಸ್‌ಐ ಹೆಚ್ಚುಕಡಿಮೆಯನ್ನು. ಐದು ಪಿಎಸ್‌ಐ ಸುಳ್ಳು ಹೇಳುವ ಗೇಜ್ ಇಟ್ಟುಕೊಂಡು ಅದು ಆಗುವ ಮಾತಲ್ಲ. ಗಾಳಿ ಬಿಡುವ ಗುಂಡಿ ಇರುವ, 60 ಪಿಎಸ್‌ಐವರೆಗಿನ ಡಯಲ್ ಗೇಜ್ ಕೊಂಡೆ, 1,900 ರೂ. ಒತ್ತಡದ ಮಾಪಕಗಳನ್ನು ಪರೀಕ್ಷಿಸಿ ಕೊಡುವ ಪುಟ್ಟ ಘಟಕದಲ್ಲಿ 450 ಕೊಟ್ಟು ನೋಡಿಸಿದೆ. 30ರ ಹತ್ತಿರ 0.3 ಹೆಚ್ಚು ತೋರಿಸುತ್ತದೆ ಎಂದರು. ಅದನ್ನು ಗೇಜ್ ಬೆನ್ನ ಮೇಲೆ ಬರೆದುಕೊಂಡಿದ್ದೇನೆ. ಇಲ್ಲಿಂದ ಮುಂದಿನ ಎಲ್ಲ ಅಂಕಿಗಳೂ ಈ ಒಂದೇ ಗೇಜಿನವು.

ಜನವರಿ 13ರಿಂದ: ರಸ್ತೆಯಲ್ಲಿ ಪಳಗಿಸಿದ್ದು

ಮೊದಲ 100 ಕಿ.ಮೀ. ಗಂಟೆಗೆ 80ರೊಳಗೆ, ಗಟ್ಟಿ ಬ್ರೇಕ್ ಇಲ್ಲ, ಜೋರು ತಿರುವಿಲ್ಲ. ವರ್ತುಲ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ಹೊರಟರೆ ಅಡ್ಡಿಯಿಲ್ಲದೆ ಸುತ್ತಬಹುದು. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಮಾಡಿದರೆ ಬೇಗ ಆಗುತ್ತದಲ್ಲ ಎಂದು ಗೆಳೆಯರು ಹೇಳಿದರು. ಮೆಟ್ಟಿಲಿಳಿದು ರಸ್ತೆ ದಾಟುವ ಭಕ್ತರ ನಡುವೆ ಟೈರ್ ಪರೀಕ್ಷೆ ಮಾಡುವವರಿಗೆ ಲೈಸೆನ್ಸ್ ಇರಬಾರದು.

ಸಂಕ್ರಾಂತಿಯ ಹಿಂದಿನ ದಿನ ಬನ್ನೂರಿನ ಕಡೆಯ ಒಳರಸ್ತೆಗೆ ಹೋದದ್ದು ಪಾಠವಾಯಿತು. ಅರ್ಧ ಕಿಲೋಮೀಟರ್ ಉದ್ದಕ್ಕೆ ರಾಗಿ ಹುಲ್ಲು, ಅದರಾಚೆ ಹುರುಳಿ. ಒಕ್ಕಣೆಗೆ ಡಾಂಬರು ರಸ್ತೆಯೇ ಕಣ. ಗಂಟೆಗೆ 35ರಲ್ಲಿ ಬ್ರೇಕ್ ಮುಟ್ಟಿದರೆ ಎಬಿಎಸ್ ಗಡಗಡ ಎಂದಿತು, ಗಾಡಿ ಮಾತ್ರ ನಿಲ್ಲಲೊಲ್ಲದು. ಹಳೆಯ ಟೈರ್‌ಗೂ ಅಲ್ಲಿ ಹಿಡಿತ ಸಿಗುವುದಿಲ್ಲ, ಲೇಪ ಹೋಗದ ಹೊಸ ಟೈರ್‌ಗಂತೂ ಇಲ್ಲವೇ ಇಲ್ಲ. ಆಚೆ ದಾಟಿ ನಿಲ್ಲಿಸಿ ಬಗ್ಗಿ ನೋಡಿದರೆ ಹುರುಳಿ ಬಳ್ಳಿ ಮುಂದಿನ ಚಕ್ರ ತಿರುಗಿಸುವ ಎರಡೂ ದಂಡಗಳಿಗೆ (ಡ್ರೈವ್‌ಶಾಫ್ಟ್) ಹಗ್ಗದಂತೆ ಸುತ್ತಿಕೊಂಡಿತ್ತು. ಹಾಗೆಯೇ ಓಡಿಸಿ ಬೆಂಕಿ ಹತ್ತಿದ ಕಾರುಗಳ ಸುದ್ದಿ ಪ್ರತಿ ಸುಗ್ಗಿಯಲ್ಲೂ ಓದುತ್ತೇವೆ. ಮಲಗಿ, ಕಟರ್‌ನಿಂದ ಕತ್ತರಿಸಿ ತೆಗೆದೆ. ಅಲ್ಲಿದ್ದ ಅಜ್ಜಿ ಮೊರ ಬಿಟ್ಟು ಕುಡುಗೋಲು ತಂದುಕೊಟ್ಟರು. ಕಟರ್‌ಗಿಂತ ಅದೇ ಬೇಗ ಕೆಲಸ ಮಾಡಿತು.

ಆಮೇಲೆ ನಂಜನಗೂಡು ರಸ್ತೆಯೇ ಗತಿ. ದೂರ 200 ಕಿ.ಮೀ. ದಾಟಿದ ಮೇಲೆ ಟ್ರೆಡ್‌ನ ಹೊಳಪು ಹೋಗಿ ನಡುಭಾಗ ಬೂದು ಬಣ್ಣಕ್ಕೆ ತಿರುಗಿತು, ಮೇಲಿದ್ದ ಕೂದಲಿನಂಥ ರಬ್ಬರ್ ಎಳೆಗಳು ಉದುರಿದವು. ಅಂಚುಗಳಲ್ಲಿ ಮಾತ್ರ ಹೊಳಪು ಹಾಗೇ ಇತ್ತು, ರಸ್ತೆಯಲ್ಲಿ ಅಲ್ಲಿಗೆ ಭಾರ ಬೀಳುವುದೇ ಇಲ್ಲ. ಬೋಲ್ಟ್‌ಗಳನ್ನು ಮತ್ತೆ 120ಕ್ಕೆ ನೋಡಿದೆ, ಒಂದೆರಡು ಸ್ವಲ್ಪ ತಿರುಗಿದವು. ಅಲೈನ್‌ಮೆಂಟ್ 900 ರೂ., ಮುಂದಿನ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸೊನ್ನೆಗೆ.

ಜನವರಿ 19: ಕಾವು ಅಳೆಯುವ ಸೂಜಿ

ಇನ್‌ಫ್ರಾರೆಡ್ ಗನ್ 1,300 ರೂ. ಕೊಟ್ಟು ತಂದಿದ್ದೆ. ದಂಡ. ಅದು ಹೇಳುವುದು ಟೈರ್‌ನ ಮೇಲ್ಚರ್ಮದ ಕಾವು, ಗಾಡಿ ನಿಂತು ಇಳಿಯುವಷ್ಟರಲ್ಲಿ ಆ ಚರ್ಮ ತಣಿದಿರುತ್ತದೆ. ಒಂದೇ ಜಾಗಕ್ಕೆ ಎರಡು ಸಲ ಹಿಡಿದರೆ ಹತ್ತು ಡಿಗ್ರಿ ಅಂತರ. ಬೇಕಾದದ್ದು ರಬ್ಬರ್ ಒಳಗೆ ಚುಚ್ಚುವ ಸೂಜಿ.

ಮನೆಯಲ್ಲೇ ಮಾಡಲು ಕೂತೆ. ಕಾವು ಅಳೆಯುವ ಕೆ ಮಾದರಿಯ ಥರ್ಮೋಕಪಲ್ ತಂತಿಯನ್ನು ದಪ್ಪ ಇಂಜೆಕ್ಷನ್ ಸೂಜಿಯೊಳಗೆ ತೂರಿಸಿ ಎಪಾಕ್ಸಿ ತುಂಬಿದೆ. ಅಂಕಿ ನಿಲ್ಲಲು ಅರ್ಧ ನಿಮಿಷ ಬೇಕಾಯಿತು, ಹಳೆಯ ಟೈರ್‌ಗೆ ಚುಚ್ಚಿ ನೋಡುತ್ತಿದ್ದಾಗ ಸೂಜಿ ಬಾಗಿತು. ಸೈಕಲ್ ಕಡ್ಡಿ ಚೂಪು ಮಾಡಿ ಅದರ ತುದಿಗೆ ತಂತಿ ಬೆಸೆಯಲು ನೋಡಿದೆ. ಬೆಸುಗೆಯೇ ನಿಲ್ಲಲಿಲ್ಲ. ಸೋತು ಸಿದ್ಧ ಸೂಜಿ ಮತ್ತು ಮೀಟರ್ ತರಿಸಿದೆ, ಎರಡೂ ಸೇರಿ 1,450. ನನ್ನದು ಎಂದು ಅದಕ್ಕೆ ಸೇರಿಸಿದ್ದು ಪೆನ್ನಿನ ಪ್ಲಾಸ್ಟಿಕ್ ಕೊಳವೆಯ ಒಂದು ತುಂಡು: ಸೂಜಿ ನಾಲ್ಕು ಮಿ.ಮೀ.ಗಿಂತ ಆಳಕ್ಕೆ ಹೋಗದಂತೆ ತಡೆ.

ಪರೀಕ್ಷೆ ಅಡುಗೆಮನೆಯಲ್ಲಿ. ಮಂಜುಗಡ್ಡೆಯ ನೀರಿನಲ್ಲಿ 0.6. ಕುದಿಯುವ ನೀರಿನಲ್ಲಿ 97.1. ಮೀಟರ್ ಕೆಟ್ಟಿದೆ ಎಂದು ವಾಪಸ್ ಕಟ್ಟುವ ಮೊದಲು ನೆನಪಿರಲಿ: ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97.5ಕ್ಕೇ ಕುದಿಯುತ್ತದೆ. ಮೀಟರ್ ಸರಿಯಾಗಿಯೇ ಇತ್ತು.

ಜನವರಿ 31: ಪ್ರಯಾಣ

ಹಿಂದಿನ ಸೀಟು ಮಡಚಿದರೆ ಪೋಲೊದಲ್ಲಿ ನಾಲ್ಕು ಚಕ್ರ ಹಿಡಿಯುತ್ತವೆ, ಅದರ ಮೇಲೆ ಜಾಕ್, ಸಲಕರಣೆ ಚೀಲ, ಹೆಲ್ಮೆಟ್. ಚಾಮರಾಜನಗರ, ಹಾಸನೂರು, ದಿಂಬಂ ಇಳಿದು ಸತ್ಯಮಂಗಲದ ಮೇಲೆ ಕೊಯಮತ್ತೂರು. ಕಾಡು ದಾಟುವುದನ್ನು ಹಗಲಿನಲ್ಲೇ ಮುಗಿಸಿದೆ. ಕೊಯಮತ್ತೂರು ಸುಮಾರು 410 ಮೀಟರ್ ಎತ್ತರದಲ್ಲಿದೆ. ಇಷ್ಟು ಇಳಿದರೆ ಹೊರಗಿನ ಗಾಳಿಯ ಒತ್ತಡ ಹೆಚ್ಚಿ, ಕಾವು ಬದಲಾಗದಿದ್ದರೂ ಗೇಜ್‌ನ ಅಂಕಿ ಅರ್ಧ ಪಿಎಸ್‌ಐಗಿಂತ ತುಸು ಜಾಸ್ತಿಯೇ ಇಳಿಯುತ್ತದೆ. ಮನೆಯಲ್ಲಿ ಗಾಳಿ ಸರಿ ಮಾಡಿಕೊಂಡು ಹೋಗಿ ಅದನ್ನೇ ನಂಬಬೇಡಿ ಎಂಬುದಕ್ಕೆ ಇದೂ ಒಂದು ಕಾರಣ.

ಫೆಬ್ರವರಿ 1, ಮಧ್ಯಾಹ್ನ: ಮೊದಲ ಕಾವು

ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕದ ದುರಸ್ತಿ ಜಾಗದಲ್ಲಿ, ಚಕ್ರ ಬದಲಿಸಿದೆ. ಬಿಸಿಲಿಗೆ ಬಿದ್ದ ಎಡಗಡೆಯ ಟೈರ್‌ಗಳು ನೆರಳಿನಲ್ಲಿದ್ದವುಗಳಿಗಿಂತ 1.5 ಪಿಎಸ್‌ಐ ಹೆಚ್ಚು ತೋರಿಸುತ್ತಿದ್ದವು. ಹಳೆಯ ಬೆಡ್‌ಶೀಟ್ ಹೊದಿಸಿ, ಕಾದು, ಎಲ್ಲವೂ ಒಂದೇ ಕಾವಿಗೆ ಬಂದ ಮೇಲೆ ನಾಲ್ಕಕ್ಕೂ 29 ಇಟ್ಟೆ.

ನಾಲ್ಕು ಗಂಟೆಗೆ ಇಳಿದೆ. ಮೊದಲ ಮೂರು ಸುತ್ತು ರಸ್ತೆಯ ವೇಗ. ಮುಂದಿನ ನಾಲ್ಕು ಸುತ್ತು ಒಂದೊಂದಕ್ಕೂ ಸ್ವಲ್ಪ ಏರಿಸುತ್ತ ಹೋದೆ, ಟೈರ್ ಕಿರುಚುವ ಹಂತ ಮುಟ್ಟಲಿಲ್ಲ. ಕೊನೆಯ ಎರಡು ಸುತ್ತು ಬ್ರೇಕ್ ಇಲ್ಲದೆ ತಣಿಸಲು. ಒಟ್ಟು 15 ನಿಮಿಷ. ನಿಂತ ಕೂಡಲೆ ಸೂಜಿ: ಮುಂದಿನವು 68ರಿಂದ 74 ಡಿಗ್ರಿ, ಒತ್ತಡ 33.5. ನನ್ನನ್ನು ದಾಟಿ ಹೋದವರಲ್ಲಿ ಆಲ್ಟೊ ಒಂದೂ ಇತ್ತು. ಇರಲಿ.

ಅಲ್ಲಿಗೆ ಆ ದಿನ ಮುಗಿಯಿತು. ದುಡ್ಡು ಕೊಟ್ಟ ದಿನದಲ್ಲಿ ಗಾಡಿಯನ್ನು ಸುಮ್ಮನೆ ನಿಲ್ಲಿಸಲು ಕೈ ಬರುವುದಿಲ್ಲ, ಆದರೆ ಒಮ್ಮೆ ಬಿಸಿಯಾದ ಹೊಸ ರಬ್ಬರ್ ಪೂರ್ತಿ ತಣಿದು ಕೂರುವವರೆಗೆ ಬಿಡದಿದ್ದರೆ ಈ ಎಲ್ಲ ಕೆಲಸವೂ ನೀರುಪಾಲು. 24 ಗಂಟೆ ಬಿಡಬೇಕೆನ್ನುತ್ತಾರೆ, ನನಗೆ ಸಿಕ್ಕಿದ್ದು 17. ಚಕ್ರಗಳನ್ನು ಕಳಚಿ ವಸತಿಗೃಹದ ಕೋಣೆಗೆ ಒಯ್ದೆ. ರಾತ್ರಿಯಿಡೀ ಕೋಣೆಯಲ್ಲಿ ಸುಟ್ಟ ರಬ್ಬರಿನ ವಾಸನೆ.

ಫೆಬ್ರವರಿ 2: ಅಸಲಿ ದಿನ

ಬೆಳಿಗ್ಗೆ 24 ಡಿಗ್ರಿ. ತಣ್ಣಗಿನ ಒತ್ತಡ ಮುಂದೆ 28.5, ಹಿಂದೆ 29. ಟೈರ್‌ನ ಅಂಚಿನಿಂದ ಪಕ್ಕದವರೆಗೆ, ಶಾಲೆಯ ಮಕ್ಕಳ ಕ್ಯಾನ್ವಾಸ್ ಶೂಗೆ ಹಚ್ಚುವ ಬಿಳಿ ಪಾಲಿಶ್‌ನಿಂದ ಮೂರು ಕಡೆ ಪಟ್ಟೆ ಎಳೆದೆ. ಅಂಚಿನಲ್ಲಿ ಪುಟ್ಟ ತ್ರಿಕೋನದ ಗುರುತಿರುತ್ತದೆ, ಬಿಳಿ ಅದರ ತುದಿಯವರೆಗೆ ಅಳಿಸಿಹೋಗಿದ್ದರೆ ಸರಿ.

ಮೊದಲ ಸರದಿ. ಹೆಚ್ಚು ದುಡಿದ ಮುಂದಿನ ಟೈರ್‌ನಲ್ಲಿ ಒಳಗೆ 70, ನಡುವೆ 77, ಹೊರಗೆ 88 ಡಿಗ್ರಿ. ಬಿಸಿ ಒತ್ತಡ 34.8. ಬಿಳಿ ಪಟ್ಟೆ ತ್ರಿಕೋನ ದಾಟಿ ಆರು ಮಿ.ಮೀ. ಕೆಳಗಿನವರೆಗೆ ಅಳಿಸಿತ್ತು. ಅಂದರೆ ಟೈರ್ ಪಕ್ಕಕ್ಕೆ ಮಗುಚುತ್ತಿದೆ, ಗಾಳಿ ಸಾಲದು.

ಎರಡನೆಯ ಸರದಿಗೆ ಮುಂದಿನ ಬಿಸಿ ಒತ್ತಡ 36ಕ್ಕೆ ಬರುವಂತೆ ತುಂಬಿದೆ. 72, 81, 89. ಪಟ್ಟೆ ಸರಿಯಾಗಿ ತ್ರಿಕೋನದ ತುದಿಯಲ್ಲಿ ನಿಂತಿತು. ಸ್ಟಿಯರಿಂಗ್ ತಿರುಗಿಸಿದ ಕೂಡಲೆ ಮೂಗು ತಿರುಗಿತು. ಮೊದಲ ಸರದಿಯಲ್ಲಿದ್ದ ಒಂದು ಕ್ಷಣದ ಜೋಲಿ ಮಾಯ.

ಇನ್ನೂ ಏರಿಸಿದರೆ ಇನ್ನೂ ಚೆನ್ನಾಗಬಹುದೇ ಎಂದು 37.5ಕ್ಕೆ ಹೋದೆ. ನಡುಭಾಗ 87ಕ್ಕೆ ಜಿಗಿಯಿತು, ಗಾಡಿ ತಿರುವಿನಲ್ಲಿ ಹೊರಕ್ಕೆ ನೂಕಿಸಿಕೊಂಡು ಹೋಗತೊಡಗಿತು. 36ಕ್ಕೆ ವಾಪಸ್. ಹಿಂದಿನ ಟೈರ್‌ಗಳು 60 ಡಿಗ್ರಿ ದಾಟಲೇ ಇಲ್ಲ. ಅವನ್ನು 38 ಮಾಡಿದಾಗ ತಿರುವಿನ ನಡುವೆ ಕಾಲು ತೆಗೆದರೆ ಬಾಲ ಬೀಸತೊಡಗಿತು. 36ರಲ್ಲಿ ಹದವಾಗಿತ್ತು.

ಹೊರಗೂ ಒಳಗೂ ಇರುವ 17 ಡಿಗ್ರಿ ಅಂತರ ಮಾತ್ರ ಗಾಳಿಯಿಂದ ಹೋಗುವುದಲ್ಲ. ಅದು ಕ್ಯಾಂಬರ್ ಕೊರತೆ, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು ಸಾಲದು. ಬಹಳ ಗಾಡಿಗಳಲ್ಲಿ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ಹಿಡಿಯುವ ಎರಡು ಬೋಲ್ಟ್‌ಗಳಲ್ಲಿ ಒಂದನ್ನು ಬದಲಿಸಿ ಕ್ಯಾಂಬರ್ ಪಡೆಯಬಹುದು. ಪೋಲೊದಲ್ಲಿ ಸ್ಟ್ರಟ್ ಅನ್ನು ಹಿಡಿದಿರುವುದು ಸುತ್ತಲೂ ಬಿಗಿಯುವ ಹಿಡಿಕೆ, ಆ ಉಪಾಯ ನಡೆಯುವುದಿಲ್ಲ. ಮೇಲಿನ ಪ್ಲೇಟ್‌ಗಳನ್ನೇ ಬದಲಿಸಬೇಕು.

ಪ್ರತಿ ಸರದಿಯ ನಡುವೆ ಚಕ್ರ ತಣಿದ ಮೇಲೆ ಬೋಲ್ಟ್ ನೋಡುತ್ತಿದ್ದೆ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್‌ನಲ್ಲಿ ನಿಲ್ಲಿಸುತ್ತಿದ್ದೆ. ಮಧ್ಯಾಹ್ನದ ನಂತರ ನೇರ ದಾರಿಯಲ್ಲಿ ಸ್ಟಿಯರಿಂಗ್ ನಡುಗಲು ಶುರುವಾಯಿತು. ತೂಕ ಹಾರಿದೆ ಎಂದುಕೊಂಡು ನೋಡಿದರೆ ಟೇಪ್ ಅಡಿಯಲ್ಲಿ ಎಲ್ಲವೂ ಭದ್ರ. ಆಗ ಹಳದಿ ಗೆರೆ ನೆನಪಾಯಿತು. ಮುಂದಿನ ಬಲ ಚಕ್ರದಲ್ಲಿ ಟೈರ್ ಮೇಲಿನ ಗೆರೆ ರಿಮ್ ಮೇಲಿನ ಗೆರೆಯಿಂದ 14 ಮಿ.ಮೀ. ಸರಿದಿತ್ತು. ಉಳಿದ ಮೂರರಲ್ಲಿ ಒಂದೆರಡು ಮಿ.ಮೀ., ಅಷ್ಟೇ. ಅಲ್ಲಿಗೆ ನಿಲ್ಲಿಸಿದೆ. ಸುತ್ತಿನ ಸಮಯ ಎಷ್ಟು ಎಂದು ಕೇಳುವವರಿಗೆ: ಬರೆದಿಟ್ಟಿಲ್ಲ, ಆ ದಿನ ನಾನು ಅಳೆಯುತ್ತಿದ್ದುದು ಟೈರನ್ನು.

ಫೆಬ್ರವರಿ 8: ಬಿಚ್ಚಿದ ಮೇಲೆ

ಬೇರೆ ಅಂಗಡಿಯಲ್ಲಿ ಆ ಟೈರ್ ಕಳಚಿಸಿದೆ. ರಿಮ್‌ಗೆ ಕೂರುವ ಅಂಚಿಗೆ ಬೆರಳು ಹಾಕಿದರೆ ಜಿಡ್ಡು. ಜನವರಿ 12ರಂದು ತಿರುಗಿಸಿ ಹಾಕುವಾಗ ಸೋಪಿನ ನೀರಿನ ಬದಲು ಯಾವುದೋ ಎಣ್ಣೆಯನ್ನೋ ಗ್ರೀಸನ್ನೋ ಸವರಿದ್ದಾರೆ. ಸೋಪಿನ ನೀರು ಒಂದು ದಿನದಲ್ಲಿ ಒಣಗುತ್ತದೆ, ಜಿಡ್ಡು ಮೂರು ವಾರ ಕಳೆದರೂ ಒಣಗುವುದಿಲ್ಲ. ರಿಮ್ ಮತ್ತು ಟೈರ್ ಎರಡನ್ನೂ ಸ್ಪಿರಿಟ್‌ನಿಂದ ಒರೆಸಿ, ತೆಳು ಸೋಪಿನ ನೀರಿನಲ್ಲಿ ಕೂರಿಸಿ, ನಾಲ್ಕನ್ನೂ ಮತ್ತೆ ಬ್ಯಾಲೆನ್ಸ್ ಮಾಡಿಸಿದೆ, 800 ರೂ. ಹೊಸ ಗೆರೆ ಎಳೆದಿದ್ದೇನೆ.

ಉಳಿದ ಟ್ರೆಡ್: ಮುಂದೆ ಹೊರಗೆ 5.9, ನಡುವೆ 6.8, ಒಳಗೆ 7.1 ಮಿ.ಮೀ. ಹಿಂದೆ ಎಲ್ಲೆಡೆ 7.5ರ ಆಸುಪಾಸು. ಹೊರ ಅಂಚಿನ ತುಂಡುಗಳ ಮೂಲೆ ಸ್ವಲ್ಪ ಹರಿದಿದೆ, ಕಿತ್ತುಬಂದದ್ದು ಒಂದೂ ಇಲ್ಲ.

ಒಟ್ಟು ಖರ್ಚು, ಟ್ರ್ಯಾಕ್ ಶುಲ್ಕ ಮತ್ತು ಪೆಟ್ರೋಲ್ ಬಿಟ್ಟು, 59,600 ರೂ. ಇದರಲ್ಲಿ ಟೈರ್‌ನದು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಇನ್‌ಫ್ರಾರೆಡ್ ಗನ್ ಈಗ ಮನೆಯಲ್ಲಿ ದೋಸೆ ಕಾವಲಿಯ ಕಾವು ನೋಡಲು ಬಳಕೆಯಾಗುತ್ತಿದೆ.

ಕ್ಯಾಂಬರ್ ಪ್ಲೇಟ್‌ಗಳನ್ನು ಸದ್ಯಕ್ಕೆ ಕೊಳ್ಳುವುದಿಲ್ಲ. ಅವುಗಳ ಬೆಲೆಗೆ ಇನ್ನೂ ನಾಲ್ಕು ಟೈರ್ ಬರುತ್ತವೆ, ಮೈಸೂರಿನ ರಸ್ತೆ ಉಬ್ಬುಗಳ ಮೇಲೆ ಅವು ದಿನವೂ ಕಟಕಟ ಎನ್ನುವುದನ್ನು ಕೇಳುವ ತಾಳ್ಮೆಯೂ ನನಗಿಲ್ಲ. ಬದಲಿಗೆ ಮುಂದಿನ ಟೈರ್‌ಗಳನ್ನು ಆಯಾ ಪಕ್ಕದಲ್ಲೇ ಹಿಂದಕ್ಕೆ ಹಾಕುತ್ತೇನೆ. ಚಕ್ರಗಳನ್ನು ತೊಳೆದು, ಒಣಗಿಸಿ, ಕಪ್ಪು ಚೀಲ ಕಟ್ಟಿ ಮಹಡಿಯಲ್ಲಿಟ್ಟಿದ್ದೇನೆ. ಚೀಲದ ಮೇಲಿನ ಚೀಟಿ: ಬೆಳಿಗ್ಗೆ, ನೆರಳಿನಲ್ಲಿ, ಮುಂದೆ 29.5, ಹಿಂದೆ 32. ಬಿಸಿಯಾದಾಗ ಎರಡೂ 36. ಮೊದಲ ಸರದಿ ಮುಗಿದ ಕೂಡಲೆ ಗೆರೆ ನೋಡು.